ಚಿಕ್ಕದೇವರಾಜ ಒಡೆಯರು

ಚಿಕ್ಕದೇವರಾಜ ಒಡೆಯರು (22 ಸೆಪ್ಟೆಂಬರ್ 1645 – 16 ನವೆಂಬರ್ 1704) 1673ರಿಂದ 1704ರವರೆಗೆ ಮೈಸೂರು ಸಂಸ್ಥಾನವನ್ನು ಆಳಿದ ಅರಸರು. ರಾಜ್ಯವಿಸ್ತಾರ, ಕಚೇರಿಗಳ ವಿಂಗಡಣೆ, ಅಂಚೆ ವ್ಯವಸ್ಥೆ, ಕಾವೇರಿಯ ನಾಲೆಗಳು ಹಾಗೂ ಕನ್ನಡ ಸಾಹಿತ್ಯಕ್ಕೆ ನೀಡಿದ ಆಶ್ರಯಗಳಿಂದ ಇವರು ಪ್ರಸಿದ್ಧರು. ಇವರ ಕಾಲದ ಹೊಸ ತೆರಿಗೆಗಳು ಮತ್ತು ಅವುಗಳ ವಿರುದ್ಧ ಎದ್ದ ರೈತರ ಪ್ರತಿರೋಧ ಮೈಸೂರಿನ ಚರಿತ್ರೆಯಲ್ಲಿ ಇಂದಿಗೂ ಚರ್ಚೆಯ ವಿಷಯಗಳಾಗಿವೆ. ಇಂದಿನ ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆ, ಹಂಗಳ ಮತ್ತು ಯಳಂದೂರುಗಳೊಡನೆ ಇವರ ಜೀವನಕ್ಕೆ ನಿಕಟ ಸಂಬಂಧವಿದೆ. ಅಪ್ರತಿಮವೀರ ಮತ್ತು ನವಕೋಟಿನಾರಾಯಣ ಎಂಬವು ಇವರ ಹೆಸರಿನೊಂದಿಗೆ ಬಳಕೆಯಲ್ಲಿರುವ ಬಿರುದುಗಳು.

ಜನನ ಮತ್ತು ಬಾಲ್ಯ

ಚಿಕ್ಕದೇವರಾಜರು ದೊಡ್ಡದೇವರಾಜ ಒಡೆಯರು ಮತ್ತು ಅಮೃತಾಂಬೆಯವರ ಪುತ್ರರು. ರಣಧೀರ ಕಂಠೀರವ ನರಸರಾಜ ಒಡೆಯರು 1659ರಲ್ಲಿ ತೀರಿಕೊಂಡಾಗ ಅವರಿಗೆ ಉತ್ತರಾಧಿಕಾರಿಯಾದ ಪುತ್ರರಿರಲಿಲ್ಲ. ಆಗ ಚಿಕ್ಕದೇವರಾಜರ ಚಿಕ್ಕಪ್ಪ ದೇವರಾಜ ಒಡೆಯರು ಪಟ್ಟಕ್ಕೆ ಬಂದು 1673ರವರೆಗೆ ಆಳಿದರು. ಈ ಅರಸರನ್ನು ಕೆಂಪದೇವರಾಜ ಒಡೆಯರು ಎಂದೂ ಕರೆಯುತ್ತಾರೆ. ಚಿಕ್ಕದೇವರಾಜರ ತಂದೆ ಸಿಂಹಾಸನವನ್ನೇರಲಿಲ್ಲ. ಅವರು ತಮ್ಮ ಕೊನೆಯ ದಿನಗಳನ್ನು ಗುಂಡ್ಲುಪೇಟೆಯ ಬಳಿ ಗುಂಡ್ಲು ಹೊಳೆಯ ದಡದಲ್ಲಿ ಕಳೆದು ಅಲ್ಲಿಯೇ ನಿಧನರಾದರು. ಈ ಹೊಳೆಗೆ ಸಂಸ್ಕೃತ ಗ್ರಂಥಗಳಲ್ಲಿ ಕೌಂಡಿನೀ ಎಂಬ ಹೆಸರಿದೆ.

ಬಾಲ್ಯದಲ್ಲಿ ಚಿಕ್ಕದೇವರಾಜರೊಡನೆ ವಿದ್ಯಾಭ್ಯಾಸ ಮಾಡಿದವರಲ್ಲಿ ಇಬ್ಬರು ಮುಂದೆ ರಾಜ್ಯದ ಆಗುಹೋಗುಗಳಲ್ಲಿ ದೊಡ್ಡ ಪಾತ್ರ ವಹಿಸಿದರು. ಒಬ್ಬರು ಯಳಂದೂರಿನ ಜೈನ ವಿದ್ವಾಂಸ ವಿಶಾಲಾಕ್ಷ ಪಂಡಿತ. ಇನ್ನೊಬ್ಬರು ಶ್ರೀವೈಷ್ಣವ ಪಂಡಿತ ಮನೆತನದ ತಿರುಮಲಾರ್ಯ. ಈ ಇಬ್ಬರೂ ಒಬ್ಬರ ನಂತರ ಒಬ್ಬರು ಇವರ ಪ್ರಧಾನ ಮಂತ್ರಿಗಳಾದರು.

ಹಂಗಳದ ದಿನಗಳು

ಗುಂಡ್ಲುಪೇಟೆಯಿಂದ ಬಂಡೀಪುರದ ಕಡೆಗೆ ಹೋಗುವ ದಾರಿಯಲ್ಲಿ ಹಂಗಳ ಎಂಬ ಗ್ರಾಮವಿದೆ. ಚಿಕ್ಕಪ್ಪನವರ ಆಳ್ವಿಕೆಯ ಕಾಲದಲ್ಲಿ ಚಿಕ್ಕದೇವರಾಜರನ್ನು ಕುಟುಂಬದೊಡನೆ ಈ ಗ್ರಾಮದಲ್ಲಿ ಇರಿಸಲಾಗಿತ್ತು. ಇದು ಸೆರೆವಾಸವೆಂದು ಕೆಲವರು ಬರೆದಿದ್ದಾರೆ. ಯುವರಾಜನನ್ನು ರಾಜಧಾನಿಯಿಂದ ದೂರವಿರಿಸುವ ಏರ್ಪಾಡೆಂದು ಇತರರು ಅರ್ಥೈಸಿದ್ದಾರೆ. ವಿಶಾಲಾಕ್ಷ ಪಂಡಿತರು ಈ ದಿನಗಳಲ್ಲಿಯೂ ಗೆಳೆಯನನ್ನು ಬಿಟ್ಟಿರಲಿಲ್ಲ. ಮುಂದೆ ಪಟ್ಟ ದೊರೆತರೆ ವಿಶಾಲಾಕ್ಷರನ್ನೇ ಮಂತ್ರಿಯನ್ನಾಗಿ ಮಾಡುವುದಾಗಿ ಚಿಕ್ಕದೇವರಾಜರು ಮಾತು ಕೊಟ್ಟಿದ್ದರೆಂಬುದು ಪರಂಪರೆಯಿಂದ ಬಂದ ಸಂಗತಿ.

ಹಂಗಳದ ಸುತ್ತಲಿನ ಸೀಮೆ ಬಹುಮಟ್ಟಿಗೆ ಮಳೆಯನ್ನು ನಂಬಿದ ಬೇಸಾಯದ ಪ್ರದೇಶ. ಕಾವೇರಿಯ ಬಯಲಿನ ಗದ್ದೆಗಳಿಗೂ ಇಲ್ಲಿಯ ಹೊಲಗಳಿಗೂ ಇರುವ ವ್ಯತ್ಯಾಸವನ್ನು, ಒಂದು ಮಳೆ ತಪ್ಪಿದರೆ ಕಂದಾಯ ಕಟ್ಟುವವನ ಪಾಡೇನಾಗುವುದೆಂಬುದನ್ನು, ಪಟ್ಟಕ್ಕೆ ಬರುವ ಮುನ್ನವೇ ಹತ್ತಿರದಿಂದ ನೋಡುವ ಅವಕಾಶ ಇವರಿಗೆ ಒದಗಿತ್ತು.

ಪಟ್ಟಾಭಿಷೇಕ ಮತ್ತು ರಾಜ್ಯವಿಸ್ತಾರ

ದೇವರಾಜ ಒಡೆಯರ ಮರಣದ ನಂತರ ದಳವಾಯಿ ಕುಮಾರಯ್ಯನವರ ಬೆಂಬಲದಿಂದ 28 ಫೆಬ್ರವರಿ 1673ರಂದು ಶ್ರೀರಂಗಪಟ್ಟಣದಲ್ಲಿ ಚಿಕ್ಕದೇವರಾಜರ ಪಟ್ಟಾಭಿಷೇಕ ನಡೆಯಿತು. ಕೊಟ್ಟ ಮಾತಿನಂತೆ ವಿಶಾಲಾಕ್ಷ ಪಂಡಿತರು ಪ್ರಧಾನಿಗಳಾದರು.

ಆಳ್ವಿಕೆಯ ಆರಂಭದಲ್ಲಿಯೇ ಮಧುರೆಯ ನಾಯಕರ ವಿರುದ್ಧ ದಂಡಯಾತ್ರೆ ನಡೆದು ಕೊಂಗುನಾಡಿನ ಹಲವು ಸ್ಥಳಗಳು ಮೈಸೂರಿಗೆ ಸೇರಿದವು. ಬಳಿಕ ಉತ್ತರದಲ್ಲಿ ತುಮಕೂರು, ಚಿಕ್ಕನಾಯಕನಹಳ್ಳಿ, ಹೊನ್ನವಳ್ಳಿ ಮೊದಲಾದ ಪ್ರದೇಶಗಳು ವಶವಾದವು. ತುಮಕೂರಿನ ಬಳಿಯ ಬೆಟ್ಟದ ಕೋಟೆಗೆ ದೇವರಾಯನದುರ್ಗ ಎಂಬ ಹೆಸರು ಇವರಿಂದಲೇ ಬಂದಿತು. 1682ರಲ್ಲಿ ಶ್ರೀರಂಗಪಟ್ಟಣದ ಸಮೀಪಕ್ಕೆ ಬಂದ ಮರಾಠಾ ಸೇನೆಯನ್ನು ಮೈಸೂರಿನವರು ಸೋಲಿಸಿದರು. 1687ರಲ್ಲಿ ಮೊಘಲ್ ಸೇನಾನಿ ಖಾಸಿಂ ಖಾನನಿಂದ ಬೆಂಗಳೂರನ್ನು ಮೂರು ಲಕ್ಷ ರೂಪಾಯಿಗಳಿಗೆ ಪಡೆದದ್ದು ಇವರ ಕಾಲದ ಅತ್ಯಂತ ಪ್ರಸಿದ್ಧ ಘಟನೆ. ಬೆಂಗಳೂರಿನ ಕೋಟೆ ವೆಂಕಟರಮಣಸ್ವಾಮಿ ದೇವಾಲಯವು ಇವರು ಕಟ್ಟಿಸಿದ್ದು. ಪಶ್ಚಿಮದಲ್ಲಿ ಕೆಳದಿಯ ನಾಯಕರೊಡನೆ ನಡೆದ ಹೋರಾಟದಲ್ಲಿ ಹಾಸನ, ಬೇಲೂರು ಸೀಮೆಗಳ ಕಡೆಗೂ ರಾಜ್ಯ ಬೆಳೆಯಿತು.

ದಖ್ಖನಿನಲ್ಲಿ ಬಿಜಾಪುರ ಮತ್ತು ಗೋಲ್ಕೊಂಡ ರಾಜ್ಯಗಳು ಮೊಘಲರಿಗೆ ಬಲಿಯಾದ ಕಾಲವಿದು. ಚಿಕ್ಕದೇವರಾಜರು ಔರಂಗಜೇಬನೊಡನೆ ಸ್ನೇಹವನ್ನು ಕಾಯ್ದುಕೊಂಡು, ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ಅವನ ಬಳಿಗೆ ರಾಯಭಾರಿಗಳನ್ನು ಕಳುಹಿಸಿದರು. ದಂತದ ಸಿಂಹಾಸನದಲ್ಲಿ ಕುಳಿತು ಆಳುವ ಮನ್ನಣೆಯೂ ಒಂದು ಮುದ್ರೆಯೂ ಅಲ್ಲಿಂದ ಬಂದವೆಂದು ಹೇಳಲಾಗಿದೆ.

ಆಡಳಿತ

ಮೊಘಲ್ ಆಸ್ಥಾನದಿಂದ ರಾಯಭಾರಿಗಳು ಹಿಂದಿರುಗಿದ ಮೇಲೆ ಚಿಕ್ಕದೇವರಾಜರು ಆಡಳಿತವನ್ನು ಹದಿನೆಂಟು ಇಲಾಖೆಗಳಾಗಿ ವಿಂಗಡಿಸಿದರು. ಇವು ಅಠಾರಾ ಕಚೇರಿ ಎಂದು ಹೆಸರಾದವು. ಅರಸರ ಆಜ್ಞೆಗಳಿಗೆ ನಿರೂಪದ ಚಾವಡಿ, ಲೆಕ್ಕಪತ್ರಗಳಿಗೆ ಆಯಕಟ್ಟಿನ ಚಾವಡಿ, ಸೇನೆಗೆ ಕಂದಾಚಾರದ ಚಾವಡಿ, ತೆರಿಗೆಗಳಿಗೆ ಸುಂಕದ ಚಾವಡಿ, ಅರಮನೆಯ ಗೋಸಂಪತ್ತಿಗೆ ಬೆಣ್ಣೆ ಚಾವಡಿ, ಗುಡಿಗಳಿಗೆ ದೇವಸ್ಥಾನದ ಚಾವಡಿ, ಅಂಚೆ ಮತ್ತು ಗುಪ್ತವಾರ್ತೆಗೆ ಬೇಹಿನ ಚಾವಡಿ, ಹೀಗೆ ಕೆಲಸಗಳು ಹಂಚಿಹೋದವು. ಕಬ್ಬಿಣ ಮತ್ತು ಹೊಗೆಸೊಪ್ಪಿಗೂ ಪ್ರತ್ಯೇಕ ಚಾವಡಿಗಳಿದ್ದವು. ಕಾವೇರಿಯ ಉತ್ತರ ಮತ್ತು ದಕ್ಷಿಣದ ಸೀಮೆಗಳನ್ನು ಪಟ್ಟಣದ ಹೋಬಳಿ ಹಾಗೂ ಮೈಸೂರು ಹೋಬಳಿ ಎಂದು ಎರಡಾಗಿ ಮಾಡಿ ವಿಚಾರಣೆಗೆ ಬೇರೆ ಬೇರೆ ಚಾವಡಿಗಳನ್ನು ಇಡಲಾಯಿತು. ಬೆಣ್ಣೆ ಚಾವಡಿಯ ದನಗಳೇ ಮುಂದೆ ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ತಳಿಯೆಂದು ಪ್ರಸಿದ್ಧವಾದವು.

ಮೈಸೂರು ಅಂಚೆಯ ಆರಂಭ ಇವರ ಕಾಲಕ್ಕೆ ಸೇರಿದ್ದು. ಅಂಚೆಯವರು ಪತ್ರಗಳನ್ನು ಸಾಗಿಸುವುದರ ಜೊತೆಗೆ ತಮ್ಮ ತಮ್ಮ ಸೀಮೆಯಲ್ಲಿ ನಡೆಯುವ ಸಂಗತಿಗಳನ್ನು ಅರಮನೆಗೆ ತಿಳಿಸಬೇಕಾಗಿತ್ತು. ಕಾವೇರಿಗೆ ಕಟ್ಟೆ ಕಟ್ಟಿಸಿ ತೋಡಿಸಿದ ನಾಲೆಗಳಲ್ಲಿ ಚಿಕ್ಕದೇವರಾಜಸಾಗರ ನಾಲೆಯು ಇಂದಿಗೂ ಮಂಡ್ಯ ಸೀಮೆಯ ಗದ್ದೆಗಳಿಗೆ ನೀರುಣಿಸುತ್ತಿದೆ.

ಬೊಕ್ಕಸದ ವಿಷಯದಲ್ಲಿ ಇವರು ಬಹಳ ಕಟ್ಟುನಿಟ್ಟಿನವರು. ಸೀಮೆಗಳಿಂದ ಬಂದ ಹಣದಲ್ಲಿ ಪ್ರತಿದಿನ ಸಾವಿರ ವರಹಗಳ ಎರಡು ಚೀಲಗಳನ್ನು ಬೊಕ್ಕಸಕ್ಕೆ ಸೇರಿಸಿದ ನಂತರವೇ ಉಪಾಹಾರ ಸೇವಿಸುತ್ತಿದ್ದರೆಂದು ಬ್ರಿಟಿಷ್ ಇತಿಹಾಸಕಾರ ಮಾರ್ಕ್ ವಿಲ್ಕ್ಸ್ ದಾಖಲಿಸಿದ್ದಾನೆ. ಒಂಬತ್ತು ಕೋಟಿಯ ಒಡೆಯ ಎಂಬ ಅರ್ಥದ ನವಕೋಟಿನಾರಾಯಣ ಎಂಬ ಹೆಸರು ಈ ಸಂಗ್ರಹದಿಂದ ಬಂದುದು.

ತೆರಿಗೆ ನೀತಿ

ಬೆಳೆಯ ಆರನೆಯ ಒಂದು ಭಾಗ ಅರಸನಿಗೆ ಸಲ್ಲತಕ್ಕದ್ದು ಎಂಬುದು ಧರ್ಮಶಾಸ್ತ್ರಗಳಲ್ಲಿ ಹೇಳಿದ ಮತ್ತು ಜನರ ಮನಸ್ಸಿನಲ್ಲಿ ನೆಲೆನಿಂತ ಕ್ರಮವಾಗಿತ್ತು. ಯಾವ ಸಭೆಯೂ ಮತ ಹಾಕಿ ನಿಗದಿ ಮಾಡದಿದ್ದರೂ ಇದು ಅರಸನ ಅಧಿಕಾರಕ್ಕೊಂದು ಮೇರೆಯಾಗಿತ್ತು. ಆ ಮೇರೆಯನ್ನು ನೇರವಾಗಿ ದಾಟಿದವನು ಅಧರ್ಮಿಯೆಂಬ ಅಪವಾದಕ್ಕೆ ಗುರಿಯಾಗಬೇಕಾಗುತ್ತಿತ್ತು. ಯುದ್ಧಗಳ ವೆಚ್ಚಕ್ಕೆ ಹೆಚ್ಚಿನ ಆದಾಯ ಬೇಕಾಗಿದ್ದರೂ ಆರನೆಯ ಒಂದರ ಪ್ರಮಾಣವನ್ನು ಬಹಿರಂಗವಾಗಿ ಹೆಚ್ಚಿಸಲು ಚಿಕ್ಕದೇವರಾಜರು ಮುಂದಾಗಲಿಲ್ಲ.

ವಿಲ್ಕ್ಸ್ ವಿವರಿಸುವಂತೆ ಅವರು ಹಿಡಿದ ದಾರಿ ಬೇರೆಯದು. ಭೂಮಿಯ ಕಂದಾಯವನ್ನು ಹಾಗೆಯೇ ಉಳಿಸಿ, ಅದರ ಸುತ್ತ ಹಲವು ಸಣ್ಣ ತೆರಿಗೆಗಳನ್ನು ಹೇರಲಾಯಿತು. ಮನೆಗೆ ಮನೆತೆರಿಗೆ, ನೇಗಿಲಿಗೆ ಏರು ತೆರಿಗೆ ಬಂದವು. ಬೆಳೆದ ಹುಲ್ಲಿನಲ್ಲಿಯೂ ಸರ್ಕಾರಕ್ಕೆ ಪಾಲಿದೆಯೆಂದು ಹುಲ್ಲುಹಣ ಬಂದಿತು. ಕಂದಾಯಕ್ಕೆ ಕೊಟ್ಟ ನಾಣ್ಯ ಸವೆದಿದೆಯೆಂಬ ನೆವದಿಂದ ವಸೂಲಿಯಾಗುತ್ತಿದ್ದ ವಟ್ಟಕ್ಕೆ ಅರಸರ ಹೆಸರೇ ಅಂಟಿಕೊಂಡು ದೇವರಾಯವಟ್ಟ ಎಂದಾಯಿತು. ಒಂದೊಂದಾಗಿ ನೋಡಿದರೆ ಇವು ಚಿಕ್ಕ ಮೊತ್ತಗಳು. ಆದರೆ ಹೊಲ, ಮನೆ, ನೇಗಿಲು, ಹುಲ್ಲು, ನಾಣ್ಯ ಹೀಗೆ ರೈತನು ಮುಟ್ಟಿದ ಪ್ರತಿಯೊಂದರ ಮೇಲೂ ಬೇರೆ ಬೇರೆ ಸಮಯದಲ್ಲಿ ಬೀಳುತ್ತಿದ್ದುದರಿಂದ ಅವುಗಳ ಕಿರುಕುಳವು ಮೊತ್ತಕ್ಕಿಂತ ದೊಡ್ಡದಾಗಿತ್ತು.

ಈ ಕಿರುಕುಳದಿಂದ ಬೇಸತ್ತ ರೈತರು ತಾವಾಗಿಯೇ ಬಂದು, ಸಣ್ಣ ತೆರಿಗೆಗಳನ್ನು ಬಿಟ್ಟುಬಿಟ್ಟರೆ ಭೂಕಂದಾಯವನ್ನು ಹೆಚ್ಚಾಗಿ ಕೊಡುತ್ತೇವೆಂದು ಕೇಳಿಕೊಳ್ಳಬೇಕೆಂಬುದು ಈ ಏರ್ಪಾಡಿನ ಉದ್ದೇಶವಾಗಿತ್ತೆಂದು ವಿಲ್ಕ್ಸ್‌ನ ಅಭಿಪ್ರಾಯ. ಆಗ ಕಂದಾಯ ಹೆಚ್ಚಿದಂತಾಗುತ್ತದೆ, ಹೆಚ್ಚಿಸಿದವರು ಪ್ರಜೆಗಳೇ ಎಂದಾಗುತ್ತದೆ, ಅರಸನು ಶಾಸ್ತ್ರದ ಮೇರೆಯನ್ನು ಮೀರಿದ ಅಪವಾದವೂ ತಪ್ಪುತ್ತದೆ. ಅನೇಕ ಕಡೆ ಇಂತಹ ಒಡಂಬಡಿಕೆಗಳು ಆದವು. ಅತಿ ಹೆಚ್ಚು ಅಸಮಾಧಾನಕ್ಕೆ ಕಾರಣವಾದ ಒಂದೆರಡು ತೆರಿಗೆಗಳನ್ನು ಕೈಬಿಟ್ಟು, ಉಳಿದವುಗಳನ್ನು ಆ ಪ್ರಮಾಣಕ್ಕೆ ಹೆಚ್ಚಿಸುವುದು ಸಾಮಾನ್ಯವಾಗಿ ಕಂಡುಬಂದ ಪರಿಣಾಮ. ಪ್ರಜೆಗಳ ಒಪ್ಪಿಗೆ ಬೇಕೆಂಬ ತತ್ತ್ವವನ್ನು ಅರಸರು ಪೂರ್ತಿಯಾಗಿ ತಳ್ಳಿಹಾಕಿರಲಿಲ್ಲವೆಂಬುದು ಇದರಿಂದ ತಿಳಿಯುತ್ತದೆ. ಆದರೆ ಒಪ್ಪದೆ ಉಳಿಯುವ ಸ್ವಾತಂತ್ರ್ಯ ಮಾತ್ರ ಆ ಒಪ್ಪಿಗೆಯಲ್ಲಿ ಇರಲಿಲ್ಲ.

ರೈತರ ಪ್ರತಿರೋಧ

1680ರ ದಶಕದಲ್ಲಿ ಅಸಮಾಧಾನವು ಬಹಿರಂಗ ಪ್ರತಿರೋಧವಾಯಿತು. ಅದಕ್ಕೆ ವೀರಶೈವ ಜಂಗಮರು ಮುಂದಾಳುಗಳಾಗಿ ನಿಂತರು. ಮೈಸೂರಿನ ದಕ್ಷಿಣ ಸೀಮೆಯ ಬೇಸಾಯಗಾರರಲ್ಲಿ ವೀರಶೈವರು ಬಹುಸಂಖ್ಯೆಯಲ್ಲಿದ್ದರು. ಹಳ್ಳಿಹಳ್ಳಿಗೂ ಮಠಗಳಿದ್ದು, ಜಂಗಮರು ಊರಿಂದೂರಿಗೆ ಸಂಚರಿಸುತ್ತಿದ್ದರು. ಚಾಮರಾಜನಗರದ ಸಮೀಪದ ಹರದನಹಳ್ಳಿಯಂತಹ ಸ್ಥಳಗಳು ಅದಕ್ಕೂ ಎರಡು ಶತಮಾನಗಳ ಹಿಂದಿನಿಂದಲೇ ವೀರಶೈವ ಗುರುಪರಂಪರೆಯ ಕೇಂದ್ರಗಳಾಗಿದ್ದವು. ಪ್ರಜೆಗಳ ಮಾತನ್ನು ಅರಸನಿಗೆ ಮುಟ್ಟಿಸುವ ಸಭೆಗಳಿಲ್ಲದ ಆ ಕಾಲದಲ್ಲಿ ಬೇರೆ ಬೇರೆ ಊರುಗಳ ರೈತರನ್ನು ಒಂದುಗೂಡಿಸಬಲ್ಲ ಜಾಲ ಮಠಗಳದೇ ಆಗಿತ್ತು.

ರೈತರು ತಮ್ಮ ವಿರೋಧವನ್ನು ನೇಗಿಲಿನ ಮೂಲಕವೇ ತೋರಿಸಿದರು. ನೇಗಿಲುಗಳನ್ನು ತಲೆಕೆಳಗಾಗಿ ಊರ ಬಾಗಿಲಿನ ಮರಗಳಿಗೆ ತೂಗುಹಾಕಿದರು. ಉಳುವುದಿಲ್ಲ, ತೆರಿಗೆ ತೆರುವುದಿಲ್ಲ, ಬೇಕಾದರೆ ಊರನ್ನೇ ಬಿಟ್ಟು ಹೋಗುತ್ತೇವೆ ಎಂಬುದು ಅದರ ಅರ್ಥವಾಗಿತ್ತು. ಉಳುವವನಿಲ್ಲದ ನೆಲದಿಂದ ಕಂದಾಯ ಹುಟ್ಟದ ಕಾರಣ ಊರು ಬಿಡುವ ಬೆದರಿಕೆಯು ಆ ಕಾಲದ ರೈತರ ಕೈಯಲ್ಲಿದ್ದ ಅತ್ಯಂತ ಬಲವಾದ ಆಯುಧವಾಗಿತ್ತು. ಜನರು ಗುಂಪುಗುಂಪಾಗಿ ಸೇರತೊಡಗಿದರು.

ಮಧುರೈ ಮಿಷನ್ನಿನ ಜೆಸ್ಯೂಟ್ ಪಾದ್ರಿಗಳು ಆ ಕಾಲದಲ್ಲಿ ಬರೆದ ಪತ್ರಗಳಲ್ಲಿಯೂ ಮೈಸೂರು ಅರಸರ ಸುಲಿಗೆಯ ವಿರುದ್ಧ ಪ್ರಜೆಗಳು ಬಂಡೆದ್ದ ಮತ್ತು ಅದನ್ನು ಕಠೋರವಾಗಿ ಹತ್ತಿಕ್ಕಿದ ಪ್ರಸ್ತಾಪವಿದೆ.

ನಂಜನಗೂಡಿನ ಘಟನೆ

ಗುಂಡ್ಲುಪೇಟೆಯ ಕಡೆಯಿಂದ ಹರಿದುಬರುವ ಗುಂಡ್ಲು ಹೊಳೆಯು ಕಪಿಲೆಯನ್ನು ಸೇರುವುದು ನಂಜನಗೂಡಿನ ಬಳಿ. ಅಲ್ಲಿಯ ಶ್ರೀಕಂಠೇಶ್ವರ ದೇವಾಲಯಕ್ಕೆ ಜಂಗಮ ಮುಖಂಡರನ್ನು ಮಾತುಕತೆಗಾಗಿ ಅರಸರು ಕರೆಸಿದರೆಂದು ವಿಲ್ಕ್ಸ್ ಬರೆಯುತ್ತಾನೆ. ಅವನ ಪ್ರಕಾರ ಸುಮಾರು ನಾಲ್ಕು ನೂರು ಮಂದಿ ಪ್ರಮುಖ ಜಂಗಮರು ಬಂದರು. ಡೇರೆಯ ಪರದೆಗಳಿಂದ ಮರೆಮಾಡಿದ ಆವರಣದಲ್ಲಿ ಒಬ್ಬೊಬ್ಬರನ್ನಾಗಿ ಅರಸರ ಬಳಿಗೆ ಬಿಡಲಾಯಿತು. ವಂದಿಸಿ ಮುಂದೆ ನಡೆದವರನ್ನು ಅಲ್ಲಿಯೇ ಕೊಂದು, ಮೊದಲೇ ತೋಡಿಸಿದ್ದ ಹಳ್ಳಕ್ಕೆ ತಳ್ಳಲಾಯಿತು. ಹಿಂದಿದ್ದವರಿಗೆ ಮುಂದೆ ಏನಾಗುತ್ತಿದೆ ಎಂಬುದು ತಿಳಿಯದಂತೆ ಏರ್ಪಾಡಾಗಿತ್ತು. ಅದೇ ದಿನ ರಾಜ್ಯದಲ್ಲಿ ಏಳು ನೂರಕ್ಕೂ ಹೆಚ್ಚು ಮಠಗಳನ್ನು ನಾಶಮಾಡಲು ಆಜ್ಞೆ ಹೊರಟಿತು. ಗುಂಪು ಸೇರಿದ ರೈತರ ಮೇಲೆ ಸೈನಿಕರು ನುಗ್ಗಿದರು. ಕಾವಿಬಟ್ಟೆ ತೊಟ್ಟ ಜಂಗಮರು ಕಂಡಲ್ಲಿ ಕೊಲ್ಲಲ್ಪಟ್ಟರು.

ಇದರ ನಂತರ ಪ್ರತಿರೋಧ ನಿಂತುಹೋಯಿತು. ಭೂಮಿಯ ಮೇಲಿನ ತಮ್ಮ ಸ್ವಂತ ಹಕ್ಕನ್ನು ತಾವು ಬಿಟ್ಟುಕೊಟ್ಟಿದ್ದೇವೆ, ಅದು ಸರ್ಕಾರಕ್ಕೆ ಸೇರಿದ್ದು ಎಂದು ಪ್ರತಿಯೊಂದು ಗ್ರಾಮದಿಂದಲೂ ಮುಚ್ಚಳಿಕೆ ಬರೆಸಿಕೊಳ್ಳಲಾಯಿತೆಂಬ ಹೇಳಿಕೆಯನ್ನೂ ವಿಲ್ಕ್ಸ್ ದಾಖಲಿಸಿದ್ದಾನೆ. ಬರಹದಲ್ಲಿ ಅದು ಸ್ವಯಂಪ್ರೇರಣೆಯ ಒಪ್ಪಿಗೆಯೆಂದೇ ಇತ್ತು. ಅವನು ಆ ಪತ್ರಗಳನ್ನು ಕಂಡಿರಲಿಲ್ಲ. ಅಂತಹ ಪತ್ರಗಳಿದ್ದಿದ್ದರೆ ಟಿಪ್ಪುವಿನ ಕಾಲದಲ್ಲಿ ಹಳೆಯ ದಾಖಲೆಗಳೊಡನೆ ನಾಶವಾಗಿರಬಹುದೆಂದು ಅವನ ಊಹೆ.

ಇತಿಹಾಸಕಾರರ ಅಭಿಪ್ರಾಯಗಳು

ಮಾರ್ಕ್ ವಿಲ್ಕ್ಸ್ ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟನಾಗಿದ್ದವನು. ದಕ್ಷಿಣ ಭಾರತದ ಇತಿಹಾಸವನ್ನು ಕುರಿತ ಅವನ ಗ್ರಂಥ 1810 ಮತ್ತು 1817ರ ನಡುವೆ ಪ್ರಕಟವಾಯಿತು. ಅಂದರೆ ನಂಜನಗೂಡಿನ ಘಟನೆ ನಡೆದು ನೂರು ವರ್ಷಗಳ ಮೇಲೆ, ಅವನ ಕಾಲದವರೆಗೆ ಬಾಯಿಂದ ಬಾಯಿಗೆ ಬಂದ ಮಾಹಿತಿಯನ್ನೂ ಬಳಸಿಕೊಂಡು ಬರೆದ ವಿವರಣೆಯಿದು. ಮೈಸೂರಿನ ಇತಿಹಾಸವನ್ನು ಮೂರು ಸಂಪುಟಗಳಲ್ಲಿ ಬರೆದ ಸಿ. ಹಯವದನರಾಯರು ಹತ್ಯಾಕಾಂಡದ ಕಥನವನ್ನು ಯಥಾವತ್ತಾಗಿ ಒಪ್ಪುವುದಿಲ್ಲ. ಅದರಲ್ಲಿ ಉತ್ಪ್ರೇಕ್ಷೆಯಿದೆಯೆಂಬುದು ಅವರ ನಿಲುವು.

ಚಾಮರಾಜನಗರ ಸೀಮೆಯ ಕನಕಗಿರಿಯ ಜೈನ ಕವಿ ದೇವಚಂದ್ರನು ಹತ್ತೊಂಬತ್ತನೆಯ ಶತಮಾನದಲ್ಲಿ ಬರೆದ ರಾಜಾವಳಿಕಥೆಯಲ್ಲಿಯೂ ಚಿಕ್ಕದೇವರಾಜರ, ವಿಶಾಲಾಕ್ಷ ಪಂಡಿತರ ಮತ್ತು ಈ ದಂಗೆಯ ವೃತ್ತಾಂತವಿದೆ. ಅದು ಅದೇ ಸೀಮೆಯವನೊಬ್ಬನು ಕೇಳಿ ಬರೆದ ವೃತ್ತಾಂತವಾದ್ದರಿಂದ ಸ್ಥಳೀಯ ಚರಿತ್ರೆಯ ದೃಷ್ಟಿಯಿಂದ ಬೆಲೆಯುಳ್ಳದ್ದು. ಆಸ್ಥಾನಕವಿಗಳ ಕೃತಿಗಳು ಅರಸರ ಗುಣಗಾನಕ್ಕೆ ಮೀಸಲಾಗಿರುವುದರಿಂದ ಅವುಗಳ ಮೌನವನ್ನು ಘಟನೆ ನಡೆಯಲಿಲ್ಲವೆಂಬುದಕ್ಕೆ ಪ್ರಮಾಣವೆಂದು ತೆಗೆದುಕೊಳ್ಳಲಾಗದು. ಸತ್ತವರ ಸಂಖ್ಯೆಯಲ್ಲಿಯೂ ಕೊಂದ ವಿಧಾನದಲ್ಲಿಯೂ ಭಿನ್ನಾಭಿಪ್ರಾಯಗಳಿದ್ದರೂ, ಹೊಸ ತೆರಿಗೆಗಳ ಕಾರಣದಿಂದ ದೊಡ್ಡ ದಂಗೆಯೊಂದು ಎದ್ದಿತು, ಅದನ್ನು ಬಲಪ್ರಯೋಗದಿಂದ ಅಡಗಿಸಲಾಯಿತು ಎಂಬ ಅಂಶ ಬೇರೆ ಬೇರೆ ಆಕರಗಳಲ್ಲಿ ಸಮಾನವಾಗಿದೆ.

ವಿಶಾಲಾಕ್ಷ ಪಂಡಿತರ ಕೊಲೆ

ತೆರಿಗೆಗಳಿಗೂ ಜಂಗಮರ ದಮನಕ್ಕೂ ಸಲಹೆಯಿತ್ತವರು ಪ್ರಧಾನಿ ವಿಶಾಲಾಕ್ಷ ಪಂಡಿತರೆಂದು ಜನರು ಭಾವಿಸಿದ್ದರು. ಮಂತ್ರಿ ಜೈನನಾಗಿದ್ದುದು ಈ ದ್ವೇಷಕ್ಕೆ ಮತೀಯ ಬಣ್ಣವನ್ನೂ ಕೊಟ್ಟಿತು. 1686ರ ಸುಮಾರಿಗೆ ಒಂದು ರಾತ್ರಿ ಅರಮನೆಯಿಂದ ಮನೆಗೆ ಹಿಂದಿರುಗುತ್ತಿದ್ದಾಗ ಅವರ ಮೇಲೆ ಮಾರಣಾಂತಿಕ ಹಲ್ಲೆ ನಡೆಯಿತು. ಬಾಲ್ಯದ ಗೆಳೆಯನನ್ನು ನೋಡಲು ಅರಸರು ಸ್ವತಃ ಹೋದರು. ತಮ್ಮ ನಂತರ ತಿರುಮಲಾರ್ಯರನ್ನು ಪ್ರಧಾನಿಯನ್ನಾಗಿ ಮಾಡಿಕೊಳ್ಳಬೇಕೆಂದು ವಿಶಾಲಾಕ್ಷರು ಸೂಚಿಸಿ ಪ್ರಾಣಬಿಟ್ಟರು. ಮತದಲ್ಲಿ ತಮ್ಮಿಂದ ಭಿನ್ನರಾದ ಶ್ರೀವೈಷ್ಣವರೊಬ್ಬರನ್ನು ಯೋಗ್ಯತೆಯ ಆಧಾರದ ಮೇಲೆ ಸೂಚಿಸಿದುದನ್ನು ಇತಿಹಾಸಕಾರರು ಮೆಚ್ಚಿದ್ದಾರೆ. ಅರಸರೂ ಶ್ರೀವೈಷ್ಣವ ಮತದಲ್ಲಿ ಗಾಢವಾದ ಶ್ರದ್ಧೆಯುಳ್ಳವರಾಗಿದ್ದರು.

ಸಾಹಿತ್ಯ

ಚಿಕ್ಕದೇವರಾಜರ ಆಸ್ಥಾನವು ಹೊಸಗನ್ನಡ ಗದ್ಯದ ಬೆಳವಣಿಗೆಗೆ ಮುಖ್ಯವಾದ ನೆಲೆಯಾಯಿತು. ಚಿಕ್ಕದೇವರಾಜ ಬಿನ್ನಪ ಮತ್ತು ಗೀತಗೋಪಾಲ ಎಂಬ ಕೃತಿಗಳು ಅರಸರ ಹೆಸರಿನಲ್ಲಿವೆ. ಇವುಗಳ ರಚನೆಯಲ್ಲಿ ತಿರುಮಲಾರ್ಯರ ಕೈಯಿದೆಯೆಂದು ಹಲವು ವಿದ್ವಾಂಸರು ಅಭಿಪ್ರಾಯಪಟ್ಟಿದ್ದಾರೆ. ತಿರುಮಲಾರ್ಯರು ಚಿಕ್ಕದೇವರಾಜ ವಿಜಯ, ಚಿಕ್ಕದೇವರಾಜ ವಂಶಾವಳಿ ಮತ್ತು ಅಪ್ರತಿಮವೀರ ಚರಿತೆಗಳನ್ನು ರಚಿಸಿದರು. ಅವರ ಸಹೋದರ ಸಿಂಗರಾರ್ಯರ ಮಿತ್ರವಿಂದಾ ಗೋವಿಂದವು ಉಪಲಬ್ಧವಿರುವ ಮೊದಲ ಕನ್ನಡ ನಾಟಕ. ಅದು ಹರ್ಷನ ರತ್ನಾವಳಿಯನ್ನು ಅನುಸರಿಸಿದ್ದು. ಚಿಕುಪಾಧ್ಯಾಯರು ಈ ಆಸ್ಥಾನದ ಮತ್ತೊಬ್ಬ ಪ್ರಮುಖ ಗ್ರಂಥಕರ್ತರು.

ಯಳಂದೂರಿನ ಹೊನ್ನಮ್ಮನು ಅರಸರಿಗೆ ಎಲೆಯಡಿಕೆಯ ಸಂಚಿಯನ್ನು ಹಿಡಿಯುವ ಊಳಿಗದವಳಾಗಿದ್ದಳು. ಪಟ್ಟದ ರಾಣಿ ಯಳಂದೂರಿನ ದೇವಾಜಮ್ಮಣ್ಣಿಯವರ ಜೊತೆಯಲ್ಲಿ ಅರಮನೆಗೆ ಬಂದವಳೆಂದು ಪ್ರತೀತಿಯಿದೆ. ಅವಳು ಸಾಂಗತ್ಯದಲ್ಲಿ ಬರೆದ ಹದಿಬದೆಯ ಧರ್ಮವು ಕನ್ನಡ ಮಹಿಳಾ ಸಾಹಿತ್ಯದ ಮುಖ್ಯ ಕೃತಿಗಳಲ್ಲೊಂದು. ಒಂದೇ ಯಳಂದೂರಿನಿಂದ ಅರಸರ ಮಂತ್ರಿ, ರಾಣಿ ಮತ್ತು ಕವಯಿತ್ರಿ ಮೂವರೂ ಬಂದುದು ಆ ಸೀಮೆಗೂ ರಾಜಧಾನಿಗೂ ಇದ್ದ ಹತ್ತಿರದ ಸಂಬಂಧವನ್ನು ತೋರಿಸುತ್ತದೆ.

ಗುಂಡ್ಲುಪೇಟೆಯ ಪರವಾಸುದೇವ ದೇವಾಲಯ

ಪಟ್ಟಕ್ಕೆ ಬಂದ ಬಳಿಕ ಚಿಕ್ಕದೇವರಾಜರು ತಂದೆಯ ಸ್ಮರಣಾರ್ಥವಾಗಿ ಗುಂಡ್ಲುಪೇಟೆಯ ಪಶ್ಚಿಮಕ್ಕೆ ಹೊಳೆಯ ಬಳಿ ಪರವಾಸುದೇವ ದೇವಾಲಯವನ್ನು ಕಟ್ಟಿಸಿ, ಅದರ ಸೇವೆಗಾಗಿ ದತ್ತಿಗಳನ್ನು ಬಿಟ್ಟರು. ಗುಂಡ್ಲುಪೇಟೆಗೆ ಹಿಂದೆ ವಿಜಯಪುರ ಎಂಬ ಹೆಸರಿತ್ತು. ಪರವಾಸುದೇವ ದೇವಾಲಯ ಪಾಳುಬಿದ್ದ ಮೇಲೆ ಅಲ್ಲಿಯ ಉತ್ಸವಮೂರ್ತಿಯನ್ನು ಊರಿನ ವಿಜಯನಾರಾಯಣ ದೇವಾಲಯಕ್ಕೆ ತರಲಾಯಿತು. ಇದು ಈ ಸೀಮೆಯಲ್ಲಿ ಅರಸರ ನೆನಪನ್ನು ಉಳಿಸಿರುವ ಮುಖ್ಯ ಸ್ಮಾರಕ.

ಮರಣ

ಚಿಕ್ಕದೇವರಾಜ ಒಡೆಯರು 16 ನವೆಂಬರ್ 1704ರಂದು ನಿಧನರಾದರು. ಅವರ ನಂತರ ಪುತ್ರ ಎರಡನೆಯ ಕಂಠೀರವ ಒಡೆಯರು ಪಟ್ಟಕ್ಕೆ ಬಂದರು. ಕಿವಿ ಮತ್ತು ಮಾತು ಇಲ್ಲದಿದ್ದ ಕಾರಣ ಅವರನ್ನು ಮೂಕರಸು ಎಂದು ಕರೆಯಲಾಗಿದೆ. ಮುಂದಿನ ದಶಕಗಳಲ್ಲಿ ಅಧಿಕಾರವು ಕ್ರಮೇಣ ದಳವಾಯಿಗಳ ಕೈಗೆ ಹೋಯಿತು.

ತೆರಿಗೆ ಮತ್ತು ಜನರ ಒಪ್ಪಿಗೆ: ನಂತರದ ಬೆಳವಣಿಗೆಗಳು

ಚಿಕ್ಕದೇವರಾಜರು ಆಳುತ್ತಿದ್ದ ಕಾಲದಲ್ಲಿಯೇ, 1689ರಲ್ಲಿ, ಇಂಗ್ಲೆಂಡಿನಲ್ಲಿ ಸಂಸತ್ತಿನ ಅನುಮತಿಯಿಲ್ಲದೆ ಅರಸನು ಹಣ ವಸೂಲು ಮಾಡುವುದು ಕಾನೂನುಬಾಹಿರವೆಂದು ಹಕ್ಕುಗಳ ಶಾಸನದಲ್ಲಿ ಘೋಷಿಸಲಾಯಿತು. ಮೈಸೂರಿನಲ್ಲಿ ಅಂತಹ ಮಾತು ಕಾನೂನಿನ ರೂಪ ಪಡೆಯಲು ಎರಡು ಶತಮಾನಗಳಿಗೂ ಹೆಚ್ಚು ಕಾಲ ಹಿಡಿಯಿತು. 1830–31ರಲ್ಲಿ ಕಂದಾಯ ವಸೂಲಿಯ ಕಿರುಕುಳದ ವಿರುದ್ಧ ನಗರ ಸೀಮೆಯಲ್ಲಿ ಮತ್ತೊಂದು ದಂಗೆ ಎದ್ದು, ಅದರ ಪರಿಣಾಮವಾಗಿ 1831ರಲ್ಲಿ ಆಡಳಿತವು ಬ್ರಿಟಿಷರ ಕೈಗೆ ಹೋಯಿತು. 1881ರಲ್ಲಿ ರಾಜ್ಯವು ಒಡೆಯರಿಗೆ ಮರಳಿದಾಗ ದಿವಾನ್ ಸಿ. ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಆರಂಭಿಸಿದರು. ಅದರ ಮೊದಲ ಅಧಿವೇಶನ 7 ಅಕ್ಟೋಬರ್ 1881ರಂದು 144 ಸದಸ್ಯರೊಡನೆ ಮೈಸೂರಿನಲ್ಲಿ ನಡೆಯಿತು. ಆರಂಭದಲ್ಲಿ ಸಭೆಗೆ ಅಹವಾಲು ಹೇಳುವ ಅವಕಾಶ ಮಾತ್ರವಿತ್ತು. 1923ರ ಸುಧಾರಣೆಯಿಂದ ಹೊಸ ತೆರಿಗೆ ಹಾಕುವ ಮುನ್ನ ಸಭೆಯ ಅಭಿಪ್ರಾಯವನ್ನು ಕೇಳಬೇಕೆಂಬ ನಿಯಮ ಬಂದಿತು. ಅಭಿಪ್ರಾಯ ಕೇಳುವುದು ಒಪ್ಪಿಗೆ ಪಡೆಯುವುದಕ್ಕೆ ಸಮನಲ್ಲವಾದರೂ, ನೇಗಿಲನ್ನು ಮರಕ್ಕೆ ತೂಗುಹಾಕದೆಯೇ ಬೇಡವೆನ್ನಲು ಒಂದು ವೇದಿಕೆ ದೊರೆತಂತಾಯಿತು.

ಭಾರತದ ಸಂವಿಧಾನದ 265ನೆಯ ಅನುಚ್ಛೇದದ ಪ್ರಕಾರ ಕಾನೂನಿನ ಅಧಿಕಾರವಿಲ್ಲದೆ ಯಾವ ತೆರಿಗೆಯನ್ನೂ ವಿಧಿಸುವಂತಿಲ್ಲ. ಇಂದಿನ ಗುಂಡ್ಲುಪೇಟೆ ಪುರಸಭೆಗೂ ಚಾಮರಾಜನಗರ ನಗರಸಭೆಗೂ ತೆರಿಗೆಯ ಅಧಿಕಾರ ದೊರೆತಿರುವುದು 1964ರ ಕರ್ನಾಟಕ ಪೌರಸಭೆಗಳ ಅಧಿನಿಯಮದಿಂದ. ಹೊಸ ತೆರಿಗೆಯ ಪ್ರಸ್ತಾವವನ್ನು ಪ್ರಕಟಿಸಿ ನಿವಾಸಿಗಳ ಆಕ್ಷೇಪಣೆಗಳನ್ನು ಕರೆಯುವ ಕ್ರಮವೂ ಅದರಲ್ಲಿದೆ. ಹಳ್ಳಿಗಳಲ್ಲಿ ಮನೆ ಮತ್ತು ನಿವೇಶನಗಳ ತೆರಿಗೆಯನ್ನು 1993ರ ಪಂಚಾಯತ್ ರಾಜ್ ಅಧಿನಿಯಮದಡಿ ಗ್ರಾಮ ಪಂಚಾಯಿತಿಗಳು ವಿಧಿಸುತ್ತವೆ. ಚುನಾಯಿತ ಸದಸ್ಯರು ನಿರ್ಧರಿಸುವ ಈ ಪದ್ಧತಿಯಲ್ಲಿ ಮತದಾರರು ಪ್ರತಿ ತೆರಿಗೆಗೂ ನೇರವಾಗಿ ಮತ ಹಾಕುವುದಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ 1996ರ ಸಂವಿಧಾನ ತಿದ್ದುಪಡಿಯಿಂದ ಸ್ಥಳೀಯ ತೆರಿಗೆಗಳಿಗೆ ಮತದಾರರ ನೇರ ಅನುಮೋದನೆಯನ್ನೇ ಕಡ್ಡಾಯಗೊಳಿಸಲಾಗಿದೆ. ಅಲ್ಲಿ ತೆರಿಗೆಯನ್ನು ಶುಲ್ಕವೆಂದು ಕರೆದು ಈ ಮಿತಿಯಿಂದ ನುಣುಚಿಕೊಳ್ಳದಂತೆ ಶುಲ್ಕಗಳಿಗೂ ನಿರ್ಬಂಧಗಳನ್ನು ಹಾಕಲಾಗಿದೆ. ಕಂದಾಯವನ್ನು ಮುಟ್ಟದೆ ಹುಲ್ಲಿಗೂ ನೇಗಿಲಿಗೂ ತೆರಿಗೆ ಕಟ್ಟಿದ ಹಳೆಯ ಮೈಸೂರಿನ ಕ್ರಮವೂ ಇದೇ ಬಗೆಯ ಸುತ್ತುದಾರಿಯಾಗಿತ್ತು.

ಚಿಕ್ಕದೇವರಾಜರನ್ನು ಮೈಸೂರು ರಾಜ್ಯದ ಭದ್ರವಾದ ಅಡಿಪಾಯ ಹಾಕಿದ ದಕ್ಷ ಅರಸರೆಂದು ಇತಿಹಾಸಕಾರರು ಗುರುತಿಸುತ್ತಾರೆ. ಅವರ ನಾಲೆಗಳಲ್ಲಿ ನೀರು ಹರಿಯುತ್ತಿದೆ, ಅವರ ಕಾಲದ ಕೃತಿಗಳನ್ನು ವಿದ್ಯಾರ್ಥಿಗಳು ಓದುತ್ತಿದ್ದಾರೆ. ನಂಜನಗೂಡಿನಲ್ಲಿ ಮಡಿದ ಜಂಗಮರ ಹೆಸರುಗಳು ಮಾತ್ರ ವಿಲ್ಕ್ಸ್‌ನ ಗ್ರಂಥದಲ್ಲಿ ದಾಖಲಾಗಿಲ್ಲ.